ದೊಡ್ಡ ಕೋಣೆಯ ಬಾಗಿಲು

ಕೂಡ್ಲಿಗಿ
೨೩ ಜೂನ್ ೨೦೨೪

ಪೂಜ್ಯ ಅತ್ತೆಯವರಿಗೆ ಚಂದನಾ ಮಾಡುವ ನಮಸ್ಕಾರಗಳು.

ರಜೆ ಮುಗಿಸಿ ನಾನು ಹಾಸ್ಟೆಲಿಗೆ ಮರಳಿ ಎರಡು ವಾರವಾಯಿತು. ನೀವು ಪೆಟ್ಟಿಗೆಯಲ್ಲಿ ಇಟ್ಟುಕೊಟ್ಟ ಲಕೋಟೆಗಳಲ್ಲಿ ಇದು ಮೊದಲನೆಯದು. ಇಲ್ಲಿ ನಮ್ಮ ಬಳಿ ಮೊಬೈಲ್ ಇರುವಂತಿಲ್ಲ. ಭಾನುವಾರ ವಾರ್ಡನ್ ಮೇಡಂ ತಮ್ಮ ಫೋನಿನಿಂದ ಮನೆಗೆ ಮಾತನಾಡಿಸುತ್ತಾರೆ. ಆದರೆ ಹಿಂದೆ ಸಾಲಿನಲ್ಲಿ ನಿಂತವರ ಕಿವಿಗಳೆಲ್ಲ ನಮ್ಮ ಮಾತಿನ ಮೇಲೆಯೇ ಇರುತ್ತವೆ. "ಅವ್ವಾ, ಆರಾಮ್ ಅದೀನಿ" ಎನ್ನುವುದನ್ನು ಬಿಟ್ಟು ಬೇರೇನನ್ನೂ ಹೇಳಲಾಗುವುದಿಲ್ಲ.

ಬರುವಾಗ ಬಸ್ಸಿನಲ್ಲಿ ನಡೆದದ್ದನ್ನು ಅಪ್ಪ ನಿಮಗೆ ಹೇಳಿರಬಹುದು. ಹಗರಿಬೊಮ್ಮನಹಳ್ಳಿಯಲ್ಲಿ ಕೂಡ್ಲಿಗಿ ಬಸ್ ಹತ್ತಿದೆವು. ಕಂಡಕ್ಟರ್ ಎಲ್ಲ ಹೆಂಗಸರ ಆಧಾರ್ ಕಾರ್ಡ್ ನೋಡಿ ಟಿಕೆಟ್ ಕೊಡುತ್ತಿದ್ದ. ನಾನೂ ಕಾರ್ಡ್ ತೆಗೆದು ಕೈಯಲ್ಲಿ ಹಿಡಿದಿದ್ದೆ. ಅವನು ಅದರ ಕಡೆ ನೋಡಲೇ ಇಲ್ಲ. "ಇರ್ಲಿ ಬಿಡವ್ವ, ಸಣ್ಣಾಕಿ ಅದೀಯಲ್ಲ. ಎಷ್ಟನೇತ್ತ, ಮೂರನೇದಾ?" ಎಂದ. ಅಪ್ಪ ನಕ್ಕರು. ನಾನು ಎಂಟನೆಯ ತರಗತಿ ಎಂದು ಹೇಳಿದ್ದು ಬಸ್ಸಿನ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ.

ಹೋಗಲಿ, ಅದು ದೊಡ್ಡ ವಿಷಯವಲ್ಲ. ನಮ್ಮ ಹಾಸ್ಟೆಲಿನಲ್ಲಿ ಮಲಗಲು ಎರಡು ಕೋಣೆಗಳಿವೆ. ದೊಡ್ಡವರಾದ ಹುಡುಗಿಯರು ಬಚ್ಚಲಿನ ಪಕ್ಕದ ದೊಡ್ಡ ಕೋಣೆಯಲ್ಲಿ, ಇನ್ನೂ ಆಗದವರು ಸಣ್ಣ ಕೋಣೆಯಲ್ಲಿ. ಹೋದ ವರ್ಷ ಪಕ್ಕೀರಮ್ಮ ಮತ್ತು ನಾನು ಅಕ್ಕಪಕ್ಕದ ಮಂಚದಲ್ಲಿದ್ದೆವು. ಬೇಸಿಗೆ ರಜೆಯಲ್ಲಿ ಅವಳು ದೊಡ್ಡವಳಾದಳಂತೆ, ಹಾಸಿಗೆ ಎತ್ತಿಕೊಂಡು ಆ ಕಡೆ ಹೋದಳು. ನನ್ನ ತರಗತಿಯವರಲ್ಲಿ ಸಣ್ಣ ಕೋಣೆಯಲ್ಲಿ ಉಳಿದವಳು ನಾನೊಬ್ಬಳೇ. ಮಿಕ್ಕವರೆಲ್ಲ ಆರನೆಯ, ಏಳನೆಯ ತರಗತಿಯ ಮಕ್ಕಳು. ಅವರು ಮಂಚಗಳ ನಡುವೆ ಕುಂಟೆಬಿಲ್ಲೆ ಆಡುತ್ತಾರೆ.

ಆಗಸ್ಟ್ ಹದಿನೈದಕ್ಕೆ ನಮ್ಮ ತರಗತಿಯವರು ಸೀರೆ ಉಡುತ್ತಾರಂತೆ. ನೀವು ಶಾಲೆಗೆ ಉಡುತ್ತಿದ್ದ ಬೂದು ಬಣ್ಣದ ಇಳಕಲ್ ಸೀರೆಯನ್ನು ನನಗೆ ಕೊಡುವಿರಾ?

ನಿಮ್ಮ ಸೊಸೆ,
ಚಂದನಾ

———

ಕೊಟ್ಟೂರು
೩ ಜುಲೈ ೨೦೨೪

ಚಿರಂಜೀವಿ ಚಂದನಾಳಿಗೆ ಆಶೀರ್ವಾದಗಳು.

ಪತ್ರ ತಲುಪಿತು. ಅಕ್ಷರ ದುಂಡಾಗಿದೆ, ಸಾಲುಗಳು ಮಾತ್ರ ಬಲಗಡೆ ಏರುತ್ತವೆ. ಕೆಳಗೆ ಗೆರೆ ಎಳೆದ ಹಾಳೆ ಇಟ್ಟುಕೊಂಡು ಬರೆಯಬೇಕು.

ಬೂದು ಸೀರೆಯನ್ನು ಕೊಡುವುದಿಲ್ಲ. ಅದನ್ನು ಉಟ್ಟರೆ ನೀನು ದೊಡ್ಡವಳಾಗಿ ಕಾಣುವುದಿಲ್ಲ; ಒಣಹಾಕಿದ ಬಟ್ಟೆಯಲ್ಲಿ ಸಿಕ್ಕಿಬಿದ್ದ ಮೇಕೆಮರಿಯಾಗಿ ಕಾಣುತ್ತೀಯೆ. ಮೂವತ್ತೆರಡು ವರ್ಷ ಮಕ್ಕಳಿಗೆ ಪಾಠ ಹೇಳಿದ್ದೇನೆ. ಪ್ರತಿ ತರಗತಿಯಲ್ಲೂ ಮುಂದಿನ ಬೆಂಚಿನಲ್ಲಿ ಕೂರುವ ಒಬ್ಬಳು ಇದ್ದೇ ಇರುತ್ತಿದ್ದಳು. ಆಕೆಗೆ ಆಗುವುದು ಆಗುವ ಕಾಲಕ್ಕೆ ಆಗುತ್ತಿತ್ತು. ಯಾರ ಮಂಚ ಯಾವ ಕೋಣೆಯಲ್ಲಿದೆ ಎಂಬುದು ಪರೀಕ್ಷೆಯಲ್ಲಿ ಬರುವ ಪ್ರಶ್ನೆಯಲ್ಲ.

ಗಣಿತದಲ್ಲಿ ಯಾವ ಪಾಠ ನಡೆದಿದೆ? ಊಟಕ್ಕೆ ಸೊಪ್ಪು ಕೊಡುತ್ತಾರೆಯೇ? ನಿನ್ನ ಅಪ್ಪ ಯರ್ರೆಪ್ಪ ಹೋದ ಸೋಮವಾರ ಬಂದಿದ್ದ. ಸಜ್ಜೆ ಬಿತ್ತಿದ್ದಾನಂತೆ. "ಅಕ್ಕಾ, ಚಂದನಿ ಭಾಳ ಸೂಕ್ಷ್ಮ ಆಗ್ಯಾಳ. ಏನಂದ್ರೂ ಮುಖ ಉಬ್ಬಸ್ತಾಳ" ಎಂದ. ಮುಖ ಉಬ್ಬಿಸಿದರೂ ಎತ್ತರವಾಗುವುದಿಲ್ಲ ಎಂದು ಹೇಳಿ ಕಳಿಸಿದ್ದೇನೆ.

ಹಿತಾಕಾಂಕ್ಷಿ,
ತಿಪ್ಪೇರುದ್ರಮ್ಮ

———

ಕೂಡ್ಲಿಗಿ
೧೮ ಆಗಸ್ಟ್ ೨೦೨೪

ಅತ್ತೆಯವರಿಗೆ ನಮಸ್ಕಾರಗಳು.

ನಿಮ್ಮ ಪತ್ರ ಬಂದು ಬಹಳ ದಿನಗಳಾದವು. ಬರೆಯಲು ಮನಸ್ಸಾಗಲಿಲ್ಲ. ಗಣಿತದಲ್ಲಿ ವರ್ಗಮೂಲ ನಡೆದಿದೆ. ಸೊಪ್ಪು ವಾರಕ್ಕೆ ಎರಡು ಸಲ ಕೊಡುತ್ತಾರೆ.

ಸ್ವಾತಂತ್ರ್ಯ ದಿನದಂದು ನಮ್ಮ ತರಗತಿಯವರು ಬಿತ್ತನೆಯ ನೃತ್ಯ ಮಾಡಿದರು. ಎಲ್ಲರೂ ಸೀರೆ ಉಟ್ಟು ಕಚ್ಚೆ ಹಾಕಿ, ತಲೆಯ ಮೇಲೆ ಬುಟ್ಟಿ ಹೊತ್ತಿದ್ದರು. ನನಗೆ ಸೀರೆ ಬೇಕಾಗಲೇ ಇಲ್ಲ. ನೃತ್ಯ ಕಲಿಸುವ ಟೀಚರ್ ನನ್ನನ್ನು ಒಮ್ಮೆ ಕೆಳಗಿನಿಂದ ಮೇಲಿನವರೆಗೆ ನೋಡಿ, "ಚಂದನಾ, ನೀನು ಪಕ್ಕೀರಿ ಸೊಂಟದ ಮ್ಯಾಲಿನ ಕೂಸು" ಎಂದರು. ನಾನು ಆಗುವುದಿಲ್ಲ ಎನ್ನುವಷ್ಟರಲ್ಲಿ ಪಕ್ಕೀರಮ್ಮ ನನ್ನನ್ನು ಎತ್ತಿಯೇಬಿಟ್ಟಿದ್ದಳು. ಅವಳಿಗೆ ಅದು ಸುಲಭವಾಯಿತು ಎಂಬುದೇ ನನಗೆ ಹೆಚ್ಚು ಬೇಸರ.

ಕಾರ್ಯಕ್ರಮದ ದಿನ ಎಲ್ಲರ ಎದುರು ಅವಳು ನನ್ನ ಕಿವಿಯಲ್ಲಿ, "ಅಳಲೇ, ಕೂಸು ಅಳಬೇಕು. ಸುಮ್ನ ಕುಂತ್ರ ಮಂದಿಗೆ ಗೊಂಬಿ ಅನ್ನಸ್ತೈತಿ" ಎಂದಳು. ನನಗೆ ನಿಜವಾಗಿಯೂ ಅಳು ಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು. ಬಹಳ ಚೆನ್ನಾಗಿ ಅಭಿನಯಿಸಿದೆ ಎಂದು ಟೀಚರ್ ನನಗೆ ಪೆನ್ ಕೊಟ್ಟರು. ಈ ಪತ್ರವನ್ನು ಆ ಪೆನ್ನಿನಿಂದ ಬರೆಯುತ್ತಿಲ್ಲ.

ಸಂಜೆ ಊಟವಾದ ಮೇಲೆ ದೊಡ್ಡ ಕೋಣೆಯವರು ಬಾಗಿಲು ಹಾಕಿಕೊಂಡು ಮಾತನಾಡುತ್ತಾರೆ. ನಾನು ಪಕ್ಕೀರಮ್ಮನ ನೋಟ್ಸ್ ಕೇಳಲು ಹೋದರೆ ಒಳಗಿನಿಂದ ಯಾರೋ, "ಸಣ್ಣಾರು ಆಮ್ಯಾಗ ಬರ್ರಿ" ಎಂದರು. ಒಳಗೆ ಎಲ್ಲರೂ ನಕ್ಕರು. ಆ ನಗುವಿನಲ್ಲಿ ಅವಳದೂ ಇತ್ತು.

ಕೋಣೆಯ ಪ್ರಶ್ನೆ ಪರೀಕ್ಷೆಯಲ್ಲಿ ಬರುವುದಿಲ್ಲ ಎಂದು ನೀವು ಬರೆದಿದ್ದಿರಿ. ಪರೀಕ್ಷೆ ಆರು ತಿಂಗಳಿಗೊಮ್ಮೆ ಬರುತ್ತದೆ, ಈ ಬಾಗಿಲು ದಿನವೂ ಇರುತ್ತದೆ.

ಇಂತಿ,
ಚಂದನಾ

———

ಕೂಡ್ಲಿಗಿ
೮ ಸೆಪ್ಟೆಂಬರ್ ೨೦೨೪

ಅತ್ತೆಯವರಿಗೆ,

ನಾನು ಸೋಮವಾರದಿಂದ ದೊಡ್ಡ ಕೋಣೆಯಲ್ಲಿದ್ದೇನೆ. ಯಾಕೆ ಎಂದು ನಿಮಗೆ ಅರ್ಥವಾಗುತ್ತದೆ. ನನಗೆ ಕಿಟಕಿಯ ಪಕ್ಕದ ಮಂಚ ಕೊಟ್ಟಿದ್ದಾರೆ. ಹುಡುಗಿಯರು ಸ್ಟೀಲ್ ತಟ್ಟೆಯಲ್ಲಿ ಅರಿಶಿನ ಕುಂಕುಮ ಇಟ್ಟು ಆರತಿ ಮಾಡಿದರು. ಪಕ್ಕೀರಮ್ಮ ತನ್ನ ಹಸಿರು ಬಳೆಗಳನ್ನು ನನಗೆ ತೊಡಿಸಿದಳು. ಸಡಿಲವಾಗಿವೆ, ಕೈ ಎತ್ತಿ ನಡೆದರೆ ಬೀಳುವುದಿಲ್ಲ.

ವಾರ್ಡನ್ ಮೇಡಂ ಅವ್ವನಿಗೆ ಫೋನ್ ಮಾಡಿ ಹೇಳಿದರಂತೆ. ಹೇಳಬೇಡಿ ಎಂದು ನಾನು ಕೇಳಿಕೊಂಡಿದ್ದೆ.

ಬೇರೆ ವಿಶೇಷವಿಲ್ಲ.

ಚಂದನಾ

———

ಕೊಟ್ಟೂರು
೧೫ ಸೆಪ್ಟೆಂಬರ್ ೨೦೨೪

ಚಿರಂಜೀವಿ ಚಂದನಾಳಿಗೆ,

ನಿನ್ನ ಪತ್ರಕ್ಕಿಂತ ಮೊದಲೇ ಸುದ್ದಿ ಬಂತು. ನಿನ್ನ ಅವ್ವ ಮಂಜಮ್ಮ ಫೋನಿನಲ್ಲಿ ಅರ್ಧ ಅಳುತ್ತ ಅರ್ಧ ನಗುತ್ತ ಹೇಳಿದಳು. ಇಂಥ ಸುದ್ದಿಯನ್ನು ನೀನು ಇಷ್ಟು ಚಿಕ್ಕ ಪತ್ರದಲ್ಲಿ ಬರೆದದ್ದು ನನಗೆ ಸ್ವಲ್ಪ ಆಶ್ಚರ್ಯ. ಕಂಡಕ್ಟರನ ಬಗ್ಗೆ ಇದಕ್ಕಿಂತ ಹೆಚ್ಚು ಬರೆದಿದ್ದೆ.

ನಿನ್ನ ಮನೆಯಲ್ಲಿ ಏನೇನು ನಡೆಯುತ್ತಿದೆ ಎಂಬುದನ್ನು ಯಾರಾದರೂ ನಿನಗೆ ತಿಳಿಸಬೇಕು. ಶಾಲೆ ಇರುವುದರಿಂದ ಆರತಿಯನ್ನು ದಸರಾ ರಜೆಗೆ ಇಟ್ಟುಕೊಂಡಿದ್ದಾರೆ. ನಮ್ಮಲ್ಲಿ ಸೋದರಮಾವನೇ ಹಸಿ ಟೊಂಗೆಗಳನ್ನು ಕಡಿದು ತಂದು ಅಂಗಳದಲ್ಲಿ ಗುಡ್ಲು ಹಾಕಬೇಕು, ಮೊದಲ ಸೀರೆಯನ್ನೂ ಅವನೇ ತರಬೇಕು. ಹುಡುಗಿ ಆ ಗುಡ್ಲಿನಲ್ಲಿ ಕುಳಿತರೆ ಊರಿಗೆಲ್ಲ ಸಾರಿದಂತೆ. ನಿನ್ನ ಮಾವ ರಾಮಾಂಜಿನಿ ಮಾಗಳದಲ್ಲಿ ಹೊಳೆ ದಂಡೆಯ ಹೊಲಗಳಲ್ಲಿ ಗೊಬ್ಬರಕ್ಕೆಂದು ಕುರಿ ಮಲಗಿಸಿಕೊಂಡಿದ್ದಾನೆ. ಹಿಂಡನ್ನು ಜೊತೆಗಾರನ ವಶಕ್ಕೆ ಬಿಟ್ಟು ಬರುತ್ತಾನಂತೆ. ಹಡಗಲಿಗೆ ಹೋಗಿ ಸೀರೆಯನ್ನೂ ತಂದಿಟ್ಟಿದ್ದಾನಂತೆ.

ಇಷ್ಟೇ ಆಗಿದ್ದರೆ ನಾನು ಸಂತೋಷದಿಂದ ಪತ್ರ ಮುಗಿಸುತ್ತಿದ್ದೆ. ನಿನ್ನ ಅವ್ವನ ತಾಯಿ ದ್ಯಾಮಕ್ಕನ ಬಾಯಲ್ಲಿ ಇನ್ನೊಂದು ಮಾತು ಹೊರಟಿದೆ. "ಹುಡುಗಿ ದೊಡ್ಡಾಕಿ ಆದ್ಲು, ಇನ್ನ ಹಾಸ್ಟೆಲ್ ಯಾಕ? ನಮ್ಮ ರಾಮಾಂಜಿನಿ ಅದಾನ" ಎಂದಳಂತೆ. ಕಾನೂನು ಏನು ಹೇಳುತ್ತದೆ ಎಂಬುದನ್ನು ನಾನು ಯರ್ರೆಪ್ಪನಿಗೆ ಫೋನಿನಲ್ಲಿ ಬಿಡಿಸಿ ಹೇಳಿದ್ದೇನೆ. ಅವನು, "ಗೊತ್ತೈತಿ ಅಕ್ಕಾ. ಮದುವಿ ಈಗ ಯಾರು ಮಾಡ್ತಾರ? ಎಂಟನೇತ್ತ ಮುಗೀಲಿ, ಆಮ್ಯಾಗ ಓದಸೋದು ಬಿಡೋದು ನೋಡೋಣು" ಎಂದ. ಆ 'ನೋಡೋಣು' ನನಗೆ ಹಿಡಿಸಲಿಲ್ಲ. ಗುಡ್ಲು ಏಳುವ ತನಕ ಇಂಥ ಮಾತು ಬರೀ ಮಾತು. ಎದ್ದ ಮೇಲೆ ಅದಕ್ಕೆ ಕಾಲು ಬರುತ್ತದೆ.

ನಿನಗೆ ಹೇಳಬೇಕಾದದ್ದು ಏನಾದರೂ ಇದ್ದರೆ ಬರೆ. ಇಲ್ಲದಿದ್ದರೆ ವರ್ಗಮೂಲ ಮುಗಿಯಿತೇ ಎಂದಾದರೂ ಬರೆ.

ತಿಪ್ಪೇರುದ್ರಮ್ಮ

———

ಕೂಡ್ಲಿಗಿ
೨೨ ಸೆಪ್ಟೆಂಬರ್ ೨೦೨೪

ಅತ್ತೆಯವರ ಪಾದಗಳಿಗೆ ನಮಸ್ಕರಿಸಿ ಬರೆಯುವುದು.

ನನಗೆ ಏನೂ ಆಗಿಲ್ಲ. ನಾನು ದೊಡ್ಡವಳಾಗಿಲ್ಲ.

ಆ ಸೋಮವಾರ ನನಗೆ ಜ್ವರ ಬಂದು ಹೊಟ್ಟೆ ನೋಯುತ್ತಿತ್ತು. ಶಾಲೆಗೆ ಹೋಗದೆ ಮಲಗಿದ್ದೆ. ವಾರ್ಡನ್ ಮೇಡಂ ಹಣೆ ಮುಟ್ಟಿ ನೋಡಿ, "ಹೊಟ್ಟಿ ಕೆಳಗ ನೋವೇನು? ಬಂತೇನವ್ವ?" ಎಂದು ಕೇಳಿದರು. ಅವರ ಹಿಂದೆ ಪಕ್ಕೀರಮ್ಮ ನಿಂತಿದ್ದಳು. ಅವಳ ಮುಖ ಎಷ್ಟು ಸಂತೋಷದಿಂದ ಇತ್ತೆಂದರೆ, ನಾನು ತಲೆಯಾಡಿಸಿದೆ. ಬಾಯಿಂದ ಏನೂ ಹೇಳಲಿಲ್ಲ. ಉಳಿದದ್ದನ್ನೆಲ್ಲ ಅವರೇ ಮಾಡಿದರು. ನನ್ನ ಹಾಸಿಗೆಯನ್ನು ಯಾರೋ ಎತ್ತಿಕೊಂಡರು, ಪೆಟ್ಟಿಗೆಯನ್ನು ಯಾರೋ ಎಳೆದರು. ಒಂದು ಸಲ ತಲೆಯಾಡಿಸಿದ್ದಕ್ಕೆ ಇಷ್ಟೆಲ್ಲ ನಡೆಯುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಮೇಡಂ ಕೊಟ್ಟ ಪ್ಯಾಡಿನ ಪೊಟ್ಟಣ ಪೆಟ್ಟಿಗೆಯಲ್ಲಿ ಬಟ್ಟೆಗಳ ಕೆಳಗೆ ಹಾಗೇ ಇದೆ. ದೊಡ್ಡ ಕೋಣೆಯಲ್ಲಿ ಅವರು ಏನೇನೋ ಮಾತನಾಡುತ್ತಾರೆ. ಎಲ್ಲರೂ ನಕ್ಕಾಗ ನಾನೂ ನಗುತ್ತೇನೆ, ಒಂದು ಕ್ಷಣ ತಡವಾಗಿ. ಹೋದ ವಾರ ಪಕ್ಕೀರಮ್ಮ, "ನಿನಗೂ ಸೊಂಟ ಹಿಡಿತೈತೇನ?" ಎಂದು ಕೇಳಿದಳು. ಹೌದು ಎಂದೆ. "ಎಡಕೋ ಬಲಕೋ?" ಎಂದಳು. ನೀರು ಕುಡಿಯುವ ನೆಪ ಹೇಳಿ ಎದ್ದು ಹೋದೆ. ಬಾಗಿಲಿನ ಹೊರಗೆ ಇದ್ದಾಗ ಒಂದೇ ಬೇಸರವಿತ್ತು. ಒಳಗೆ ಬಂದ ಮೇಲೆ ದಿನವಿಡೀ ಹೆದರಿಕೆ.

ಅತ್ತೆ, ಮಾವ ಬರಬಾರದು. ಗುಡ್ಲು ಹಾಕಬಾರದು. ಅಜ್ಜಿಯ ಮಾತು ಓದಿದ ಮೇಲೆ ನನಗೆ ಊಟ ಸೇರುತ್ತಿಲ್ಲ. ನನಗೆ ದೊಡ್ಡವಳಾಗಿ ಕಾಣಬೇಕಿತ್ತು ಅಷ್ಟೆ, ಶಾಲೆ ಬಿಡುವಷ್ಟು ದೊಡ್ಡವಳಲ್ಲ. ನೀವು ಅಪ್ಪನಿಗೆ ಹೇಳಿ: ರಜೆಯಲ್ಲಿ ವಿಶೇಷ ತರಗತಿ ಇದೆ, ಈ ವರ್ಷ ಆರತಿ ಬೇಡ, ಹೀಗೆ ಏನಾದರೂ. ನೀವು ಹೇಳಿದರೆ ಎಲ್ಲರೂ ಕೇಳುತ್ತಾರೆ. ನಿಜವಾದ ಕಾರಣವನ್ನು ಮಾತ್ರ ಹೇಳಬೇಡಿ. ಅವ್ವ ಓಣಿಯವರಿಗೆಲ್ಲ ಹೇಳಿಯಾಗಿದೆಯಂತೆ.

ನಿಮ್ಮ ಸೊಸೆ,
ಚಂದನಾ

———

ಕೊಟ್ಟೂರು
೨೮ ಸೆಪ್ಟೆಂಬರ್ ೨೦೨೪

ಚಿರಂಜೀವಿ ಚಂದನಾಳಿಗೆ,

ನೀನು ಕೇಳಿದ ಸುಳ್ಳನ್ನು ನಾನು ಹೇಳುವುದಿಲ್ಲ. ನೀನು ಹೇಳಬೇಕಾದ ನಿಜವನ್ನೂ ನಾನು ಹೇಳುವುದಿಲ್ಲ. ಎರಡೂ ನಿನ್ನವು.

ಇದನ್ನು ಓದಿ ನಿನಗೆ ಸಿಟ್ಟು ಬರಬಹುದು. ಬರಲಿ. ಆರತಿಗೆಂದು ನಾನು ನಮ್ಮೂರು ತಂಬ್ರಹಳ್ಳಿಗೆ ಬರಬಹುದಿತ್ತು. ಬಂದರೆ ನೀನು ನನ್ನ ಹಿಂದೆ ನಿಲ್ಲುತ್ತೀಯೆ, ನಾನು ಮಾತನಾಡುತ್ತೇನೆ, ಆಗ ಅದು ಅತ್ತೆಯ ಮಾತಾಗುತ್ತದೆ. ಅತ್ತೆ ಕೊಟ್ಟೂರಿಗೆ ಹಿಂತಿರುಗಿದ ಮೇಲೆ ಆ ಮಾತಿಗೆ ಬೆಲೆ ಇರುವುದಿಲ್ಲ. ಆದ್ದರಿಂದ ಬರುವುದಿಲ್ಲ.

ನಿನಗೆ ತಿಳಿಯದ ಒಂದು ಸಂಗತಿಯನ್ನು ಬರೆಯುತ್ತೇನೆ. ನೀನು ಆಸೆಪಟ್ಟದ್ದು ನನಗೆ ಐದನೆಯ ತರಗತಿಯಲ್ಲಿಯೇ ಸಿಕ್ಕಿತು. ಆಗ ನಾನು ನಮ್ಮ ಮೇಷ್ಟ್ರ ಭುಜಕ್ಕೆ ಬರುತ್ತಿದ್ದೆ. ಊರಲ್ಲಿ ನನ್ನ ವಯಸ್ಸಿನವರು ಗುಡಿಯ ಕಟ್ಟೆಯ ಮೇಲೆ ಕಲ್ಲಾಟ ಆಡುತ್ತಿದ್ದಾಗ ನನ್ನನ್ನು ಗುಡ್ಲಿನಲ್ಲಿ ಕೂರಿಸಿ ಉತ್ತತ್ತಿ, ಕೊಬ್ಬರಿ ತಿನ್ನಿಸಿದರು. ಹಿಂತಿರುಗಿ ಶಾಲೆಗೆ ಹೋದರೆ ಗಂಡುಮಕ್ಕಳು ನೋಡುವ ರೀತಿಯೇ ಬೇರೆಯಾಗಿತ್ತು. ಮೇಷ್ಟ್ರು ಕೂಡ, "ಇನ್ನ ನೀನು ಹಿಂದಿನ ಸಾಲಿಗೆ ಕುಂದ್ರವ್ವ" ಎಂದರು. ನಾನು ಪಾಟಿಚೀಲವನ್ನು ಎದೆಗೆ ಅವಚಿಕೊಂಡು, ಬೆನ್ನು ಬಗ್ಗಿಸಿ ನಡೆಯುವುದನ್ನು ಕಲಿತೆ. ಸಣ್ಣವಳಾಗಿ ಕಂಡರೆ ಸಾಕು ಎಂಬುದೊಂದೇ ನನ್ನ ಆಸೆ. ಆ ಬೆನ್ನು ಆಮೇಲೆ ನೆಟ್ಟಗಾಗಲೇ ಇಲ್ಲ. ವಯಸ್ಸಿನಿಂದ ಬಾಗಿದೆ ಎಂದು ಈಗ ಎಲ್ಲರೂ ತಿಳಿದಿದ್ದಾರೆ.

ಇದರಿಂದ ನೀತಿ ತೆಗೆಯಬೇಡ. ನನಗೇ ಇದರಲ್ಲಿ ನೀತಿ ಸಿಕ್ಕಿಲ್ಲ. ನಿನ್ನ ವಯಸ್ಸಿನಲ್ಲಿ ಯಾರಿಗೂ ತಮ್ಮ ಮೈ ಸರಿಯಾದ ಅಳತೆಯದು ಎನಿಸುವುದಿಲ್ಲ ಎಂದು ಮಾತ್ರ ತಿಳಿದಿರಲಿ.

ಮೊದಲು ಅವ್ವನಿಗೆ ಹೇಳು. ಗುಡ್ಲಿನೊಳಗೆ ಕಾಲಿಡುವ ಮೊದಲು ಹೇಳು. ಕುಳಿತೆದ್ದ ಮೇಲೆ ಹೇಳಿದರೆ ಯಾರೂ ನಂಬುವುದಿಲ್ಲ, ನಂಬಲು ಯಾರಿಗೂ ಇಷ್ಟವೂ ಇರುವುದಿಲ್ಲ.

ಊಟ ಬಿಡಬೇಡ.

ತಿಪ್ಪೇರುದ್ರಮ್ಮ

———

ಕೂಡ್ಲಿಗಿ
೨೦ ಅಕ್ಟೋಬರ್ ೨೦೨೪

ಅತ್ತೆಯವರಿಗೆ ನಮಸ್ಕಾರಗಳು.

ಇವತ್ತು ಹಾಸ್ಟೆಲಿಗೆ ಬಂದೆ. ಪೆಟ್ಟಿಗೆ ಬಿಚ್ಚುವ ಮೊದಲು ಇದನ್ನು ಬರೆಯುತ್ತಿದ್ದೇನೆ. ಅಪ್ಪ ನಿಮಗೆ ಫೋನ್ ಮಾಡಿರಬಹುದು, ಆದರೂ ನನ್ನ ಬಾಯಿಂದ ನಡೆದದ್ದನ್ನು ನಾನೇ ಬರೆಯಬೇಕು.

ಊರಿಗೆ ಹೋದ ದಿನವೇ ಹೇಳಬೇಕೆಂದಿದ್ದೆ. ಅವ್ವ ನನ್ನನ್ನು ಕಂಡೊಡನೆ ಕೆನ್ನೆ ಸವರಿ ದೃಷ್ಟಿ ತೆಗೆದಳು. ಹೇಳಲಾಗಲಿಲ್ಲ. ಮರುದಿನವೂ ಆಗಲಿಲ್ಲ. ಹಾಗೆಯೇ ಆರತಿಯ ದಿನ ಬಂತು. ಮಾವ ನಸುಕಿನಲ್ಲೇ ಹೊಲಕ್ಕೆ ಹೋಗಿ ಅತ್ತಿ ಮರದ ಟೊಂಗೆಗಳನ್ನು ಕಡಿದು ತಂದು, ಅಂಗಳದಲ್ಲಿ ಗಳ ನೆಟ್ಟು ಕಟ್ಟತೊಡಗಿದ. ಓಣಿಯ ಹೆಂಗಸರು ಕಟ್ಟೆಯ ಮೇಲೆ ಕುಳಿತರು.

ಒಲೆಯ ಮುಂದೆ ಅವ್ವ ಒಬ್ಬಳೇ ಇದ್ದಾಗ ಹೇಳಿದೆ. ಅವಳು ಮೊದಲು, "ನಾಚಿಕಿ ಆಗ್ತೈತೇನ? ಎಲ್ಲಾರಿಗೂ ಆಗ್ತೈತಿ" ಎಂದಳು. ನಾನು ಮತ್ತೆ ಬಿಡಿಸಿ ಹೇಳಿದೆ. ಅವಳ ಕೈಯಲ್ಲಿದ್ದ ಸೌಟು ಹಾಗೆಯೇ ನಿಂತಿತು. "ಈಗ ಹೇಳ್ತೀಯೇನ ಇದನ್ನ? ಹುಗ್ಗಿ ಕುದ್ಯಾಕ ಹತ್ತೈತಿ, ಮಂದಿ ಬಂದು ಕುಂತಾರ" ಎಂದಳು. ಆಮೇಲೆ ಬಾಗಿಲ ಕಡೆ ನೋಡಿ, ಬಹಳ ಮೆಲ್ಲಗೆ, "ಇವತ್ತಲ್ಲ ನಾಳಿ ಆಗೋದೇ ಐತಿ. ಸುಮ್ಕ ಹೋಗಿ ಕುಂದ್ರು. ಯಾರಿಗೆ ಗೊತ್ತಾಕ್ಕೈತಿ?" ಎಂದಳು.

ಅತ್ತೆ, ನನಗೆ ಒಂದು ಕ್ಷಣ ಸಮಾಧಾನವೆನಿಸಿದ್ದು ನಿಜ. ಅವ್ವನೇ ಹೇಳಿದ ಮೇಲೆ ನನ್ನ ತಪ್ಪಿಲ್ಲ ಎನಿಸಿತು. ಕೈಕಾಲು ತೊಳೆದುಕೊಂಡು ಬಾಗಿಲಿಗೆ ಬಂದೆ. ಅಂಗಳದಲ್ಲಿ ದ್ಯಾಮಕ್ಕಜ್ಜಿ ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದಳು: "ಇನ್ನ ಎಷ್ಟಂತ ಓದ್ತಾಳ? ನನ್ನ ಮಗಗ ಕೈಕಾಲು ಸೊಟ್ಟ ಅದಾವೇನ? ಮನಿ ಹುಡುಗಿ ಮನ್ಯಾಗ ಇರ್ಲಿ."

ಮಾವ ಗಳದ ಮೇಲೆ ಹಗ್ಗ ಬಿಗಿಯುತ್ತಿದ್ದವನು ಕೆಳಗೆ ನೋಡಿ, "ಅವ್ವಾ, ನಾ ಹೆಗಲ ಮ್ಯಾಲೆ ಹೊತ್ತು ತಿರುಗಿದ ಕೂಸದು. ಸುಮ್ಕಿರಬೇ" ಎಂದ.

"ನೀ ಸುಮ್ಕಿರಲೇ. ನಿನ್ನ ಮದುವಿ ನಿನ್ನ ಟಗರು ಕೇಳಿ ಮಾಡ್ತೀನೇನ ನಾನು?" ಎಂದಳು ಅಜ್ಜಿ. ಹೆಂಗಸರೆಲ್ಲ ನಕ್ಕರು. ಅಪ್ಪ ಗೋಡೆಗೆ ಒರಗಿ ನಿಂತಿದ್ದರು. ಅವರೂ ನಕ್ಕರು. ಅವರು ನಕ್ಕದ್ದನ್ನು ನೋಡಿ ನನಗೆ ನೀವು ಬರೆದ 'ನೋಡೋಣು' ನೆನಪಾಯಿತು.

ನಾನು ಗುಡ್ಲಿನ ಬಳಿ ಹೋಗಿ, "ಮಾಂವಾ, ಕಟ್ಟಬ್ಯಾಡ. ಆಗಿಲ್ಲ" ಎಂದೆ.

"ಏನು ಆಗಿಲ್ಲ? ಈ ಮೂಲಿ ಒಂದು ಉಳದೈತಿ, ಈಗ ಮುಗಸ್ತೀನಿ" ಎಂದ ಮಾವ.

"ಗುಡ್ಲಲ್ಲ. ನಾನು. ನಾನು ದೊಡ್ಡಾಕಿ ಆಗಿಲ್ಲ. ಹಾಸ್ಟೆಲ್‌ನ್ಯಾಗ ಸುಳ್ಳ ತಲಿ ಆಡ್ಸೀನಿ."

ಕಟ್ಟೆಯ ಮೇಲಿದ್ದ ಒಬ್ಬ ಹೆಂಗಸು, "ಹಂಗಂದ್ರ ಆರತಿ ತಾಟು ಮನಿಗೆ ಒಯ್ಯೋದೇನ್ರಿ?" ಎಂದಳು. ಅಜ್ಜಿ ನನ್ನನ್ನೇ ನೋಡುತ್ತ, "ಇಂಥಾ ಸುಳ್ಳೂ ಹೇಳ್ತಾರೇನ? ನಾನು ಹಾಡಾಕಂತ ಎಲಿ ಅಡಿಕಿ ಉಗುಳಿ ಕುಂತೀನಿ" ಎಂದಳು. ಅವ್ವ ಒಳಗಿನಿಂದ ಹೊರಗೆ ಬರಲೇ ಇಲ್ಲ.

ಮಾವ ಕೆಳಗಿಳಿದು ಕೈ ಒರೆಸಿಕೊಂಡ. ನನ್ನನ್ನು ಬೈಯುತ್ತಾನೆ ಎಂದುಕೊಂಡೆ. ಅವನು ಗುಡ್ಲಿನ ಸುತ್ತ ಒಮ್ಮೆ ತಿರುಗಿ, "ಹಂಗಾದ್ರ ಈ ತಪ್ಪಲ ಯಾಕ ಬಾಡಸೋದು" ಎಂದು ಹಗ್ಗ ಬಿಚ್ಚಿದ. ಟೊಂಗೆಗಳನ್ನು ಎಳೆದುಕೊಂಡು ಹೋಗಿ ನಮ್ಮ ಕುರಿದೊಡ್ಡಿಗೆ ಹಾಕಿದ. ಮರಿಗಳು ಓಡಿ ಬಂದು ತಿನ್ನತೊಡಗಿದವು. ನಾನೂ ಹೋಗಿ ಒಂದೊಂದು ಟೊಂಗೆ ಎತ್ತಿಕೊಟ್ಟೆ. ಮಾವ ನನ್ನ ಮುಖ ನೋಡದೆ, "ಮುಂದ ನಿಜವಾಗ್ಲೂ ಆದಾಗ ಹೇಳು, ಬರ್ತೀನಿ. ಮಳಿಗಾಲದಾಗ ಮಾತ್ರ ಬ್ಯಾಡ, ಕುರಿ ಬಿಟ್ಟು ಬರಾಕ ಆಗಂಗಿಲ್ಲ" ಎಂದ.

ಬಂದವರೆಲ್ಲ ಹುಗ್ಗಿ ಉಂಡೇ ಹೋದರು. ಎಲ್ಲರೂ ಹೋದ ಮೇಲೆ ಅಜ್ಜಿ ಮತ್ತೆ ಮದುವೆಯ ಮಾತು ಎತ್ತಿದಳು. ಅಪ್ಪ, "ಅತ್ತೀ, ಹತ್ತನೇತ್ತ ಮುಗಿಯೋತನ ಈ ಮನ್ಯಾಗ ಆ ಮಾತು ಬ್ಯಾಡ್ರಿ. ಇಷ್ಟ್ ಮಂದಿ ಮುಂದ ಖರೇ ಹೇಳಿದಾಕಿ, ಓದಾಕ ಹೋಗ್ತೀನಿ ಅಂದ್ರ ಓದಾಕ ಹೋಗ್ತಾಳ" ಎಂದರು. ಅವರು ನನ್ನ ಪರವಾಗಿ ಮಾತನಾಡುತ್ತಾರೆ ಎಂದು ನಾನು ಎಣಿಸಿರಲಿಲ್ಲ.

ಅವ್ವ ಮಾತ್ರ ರಜೆ ಮುಗಿಯುವವರೆಗೂ ನನ್ನೊಂದಿಗೆ ಮಾತನಾಡಲಿಲ್ಲ. ತಟ್ಟೆ ಇಡುತ್ತಿದ್ದಳು, ತಲೆ ಬಾಚುತ್ತಿದ್ದಳು, ಮಾತಿಲ್ಲ. ನನಗೆಂದು ಮಾವ ತಂದ ಸೀರೆ ಗೂಡಿನಲ್ಲಿ ಹಾಗೆಯೇ ಇತ್ತು. ಹೊರಡುವಾಗ ಮಾವ, "ಸೀರಿ ಸುಮ್ನ ಯಾಕ ಇಡ್ತೀ ಅಕ್ಕಾ, ನೀನ ಉಟ್ಗೋ" ಎಂದಿದ್ದ. ಇವತ್ತು ಬೆಳಿಗ್ಗೆ ನನ್ನನ್ನು ಬಸ್ಸಿಗೆ ಬಿಡಲು ಅವ್ವ ಆ ಸೀರೆ ಉಟ್ಟುಕೊಂಡು ಬಂದಳು. ಬಸ್ ಬರುವ ತನಕ ನನ್ನ ಚೀಲವನ್ನು ತಾನೇ ಹಿಡಿದಿದ್ದಳು.

ನಿಮ್ಮ ಸೊಸೆ,
ಚಂದನಾ

———

ಕೊಟ್ಟೂರು
೨೯ ಅಕ್ಟೋಬರ್ ೨೦೨೪

ಚಿರಂಜೀವಿ ಚಂದನಾಳಿಗೆ,

ಪತ್ರವನ್ನು ಎರಡು ಸಲ ಓದಿದೆ. ತಿದ್ದುವಂಥದ್ದು ಕಾಣಲಿಲ್ಲ.

ಮಂಜಮ್ಮನೊಂದಿಗೆ ಮಾತನಾಡಿದೆ. ಮೊದಲು ಹೆಸರುಬೇಳೆಯ ವಿಷಯ, ಆಮೇಲೆ ಮೊಣಕಾಲಿನ ವಿಷಯ ಹೇಳಿದಳು. ಕೊನೆಗೆ, "ಅಕ್ಕಾರ, ನಾನ ಕುಂದ್ರು ಅಂದಿದ್ದೆ. ಆಕಿ ಕುಂದ್ರಲಿಲ್ಲ ನೋಡ್ರಿ" ಎಂದಳು.

ಇನ್ನು ಹಾಸ್ಟೆಲಿನ ಕೆಲಸ ಉಳಿದಿದೆ. ಅದು ಇದಕ್ಕಿಂತ ಕಷ್ಟ. ಊರಿನಲ್ಲಿ ಇದ್ದವರು ನಿನ್ನವರು. ನಾಳೆಯೂ ಅನ್ನ ಹಾಕುತ್ತಾರೆ. ಅಲ್ಲಿ ನಗುವವರು ನಗುತ್ತಲೇ ಇರುತ್ತಾರೆ. ಅದನ್ನು ಮುಗಿಸಿಕೊಂಡು ಬರೆ. ಅವಸರವಿಲ್ಲ.

ತಿಪ್ಪೇರುದ್ರಮ್ಮ

———

ಕೂಡ್ಲಿಗಿ
೨೪ ನವೆಂಬರ್ ೨೦೨೪

ಅತ್ತೆಯವರಿಗೆ ನಮಸ್ಕಾರಗಳು.

ಹೇಳಿದೆ. ದೀಪಾವಳಿ ಕಳೆದ ಮೇಲೆ ವಾರ್ಡನ್ ಮೇಡಂ ಕೈಗೆ ಆ ಪ್ಯಾಡಿನ ಪೊಟ್ಟಣವನ್ನು ಕೊಟ್ಟು ಹೇಳಿದೆ. ಅವರು, "ನನ್ನ ಸರ್ವಿಸಿನಾಗ ಆಗಿದ್ದನ್ನ ಮುಚ್ಚಿಟ್ಟಾರನ್ನ ಭಾಳ ನೋಡೀನಿ. ಆಗದ್ದನ್ನ ಆಗೈತಿ ಅಂದಾಕಿ ನೀನೊಬ್ಬಾಕೇ" ಎಂದರು. ಬೈದರೋ ನಕ್ಕರೋ ತಿಳಿಯಲಿಲ್ಲ.

ಹಾಸಿಗೆಯನ್ನು ಈ ಸಲ ನಾನೇ ಎತ್ತಿಕೊಂಡು ಸಣ್ಣ ಕೋಣೆಗೆ ಬಂದೆ. 'ಡುಪ್ಲಿಕೇಟ್ ದೊಡ್ಡಾಕಿ' ಎಂದು ಹೆಸರಿಟ್ಟಿದ್ದಾರೆ. ಊಟದ ಸಾಲಿನಲ್ಲಿ, "ಡುಪ್ಲಿಕೇಟ್‌ಗೆ ಜಾಗ ಬಿಡ್ರೇ" ಎನ್ನುತ್ತಾರೆ. ಪಕ್ಕೀರಮ್ಮ ಮೂರು ದಿನ ಮಾತು ಬಿಟ್ಟಳು. ನಾಲ್ಕನೆಯ ದಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಬಂದು, "ನನಗ ಹೇಳಬೇಕಿತ್ತಲೇ. ನಾನು ನಿನಗ ಎಡಕೋ ಬಲಕೋ ಕೇಳಿದ್ನಲ್ಲ, ಹುಚ್ಚೀಗತೆ" ಎಂದಳು. ಬಳೆಗಳನ್ನು ಹಿಂತಿರುಗಿಸಲು ಹೋದರೆ ತೆಗೆದುಕೊಳ್ಳಲಿಲ್ಲ.

ಮುಂದಿನ ತಿಂಗಳು ಪರೀಕ್ಷೆ. ಸಣ್ಣ ಕೋಣೆಯಲ್ಲಿ ಗದ್ದಲ ಹೆಚ್ಚು, ಆದರೂ ಓದುವುದು ಹೆಚ್ಚಾಗುತ್ತಿದೆ. ನಗುವವರಿಗಿಂತ ಒಂದು ಕ್ಷಣ ತಡವಾಗಿ ನಗುವ ಕೆಲಸ ಇಲ್ಲಿಲ್ಲ.

ಚಂದನಾ

———

ಕೂಡ್ಲಿಗಿ
೯ ಫೆಬ್ರವರಿ ೨೦೨೫

ಅತ್ತೆಯವರಿಗೆ ಚಂದನಾ ಮಾಡುವ ನಮಸ್ಕಾರಗಳು.

ಸಂಕ್ರಾಂತಿಗೆ ನೀವು ಕಳಿಸಿದ ಎಳ್ಳುಂಡೆ ಮುಟ್ಟಿತು. ಸಣ್ಣ ಕೋಣೆಯವರೆಲ್ಲ ಸೇರಿ ಒಂದೇ ಸಂಜೆಯಲ್ಲಿ ಮುಗಿಸಿದೆವು. ಡಿಸೆಂಬರ್ ಪರೀಕ್ಷೆಯ ಗಣಿತದಲ್ಲಿ ತರಗತಿಗೆ ಎರಡನೆಯವಳಾಗಿದ್ದೇನೆ. ಮೊದಲನೆಯವಳು ಪಕ್ಕೀರಮ್ಮ.

ಹೋದ ವಾರ ಇಲ್ಲಿ ನಡೆದದ್ದನ್ನು ಬರೆಯಬೇಕು. ನಮ್ಮ ಕೋಣೆಯಲ್ಲಿ ಹರಪನಹಳ್ಳಿ ಕಡೆಯ ಶಾಂತಕುಮಾರಿ ಎಂಬ ಹುಡುಗಿ ಇದ್ದಾಳೆ. ಆರನೆಯ ತರಗತಿ. ಆದರೆ ನನಗಿಂತ ಒಂದು ಗೇಣು ಎತ್ತರ. ಅವಳು ನನ್ನನ್ನು ಅಕ್ಕ ಎಂದು ಕರೆದಾಗ ಹೊಸಬರು ನಗುತ್ತಾರೆ. ಗುರುವಾರ ಮಧ್ಯಾಹ್ನ ಆಟದ ಪೀರಿಯಡ್ಡಿನಿಂದ ಓಡಿ ಬಂದು ಕೋಣೆಯ ಮೂಲೆಯಲ್ಲಿ ಮೊಣಕಾಲು ಅವಚಿಕೊಂಡು ಕುಳಿತಳು. ನಾನು ನೆಗಡಿಯಾಗಿ ಕೋಣೆಯಲ್ಲೇ ಉಳಿದಿದ್ದೆ. ಏನಾಯಿತೆಂದು ಅವಳ ಲಂಗ ನೋಡಿ ನನಗೆ ತಿಳಿಯಿತು.

ನಾನು ಬಾಗಿಲು ಹಾಕಿದೆ. ಬಿಸಿನೀರು ತಂದೆ. ದೊಡ್ಡ ಕೋಣೆಗೆ ಹೋಗಿ ಪಕ್ಕೀರಮ್ಮನ ಹತ್ತಿರ ಬೇಕಾದುದನ್ನು ಕೇಳಿ ಪಡೆದು, ಹೇಗೆ ಎಂದು ಶಾಂತಕುಮಾರಿಗೆ ತೋರಿಸಿಕೊಟ್ಟೆ. ಅಷ್ಟರಲ್ಲಿ ವಾರ್ಡನ್ ಮೇಡಂ ಬಂದು, "ಹಂಗಾದ್ರ ಹಾಸಿಗಿ ಎತ್ತವ್ವ, ಆ ಕೋಣಿಗೆ ನಡಿ" ಎಂದರು. ಹುಡುಗಿ ನನ್ನ ತೋಳು ಹಿಡಿದು, "ಅಕ್ಕಾ, ನನಗ ಆ ಕೋಣಿ ಬ್ಯಾಡ. ಅಲ್ಲಿ ಎಲ್ಲಾರೂ ದೊಡ್ಡಾರು ಅದಾರ" ಎಂದು ಅಳತೊಡಗಿದಳು.

ನಾನು ಮೇಡಂ ಅವರಿಗೆ ಹೇಳಿದೆ: "ಮೇಡಂ, ಆಕಿ ಇಲ್ಲೇ ಇರ್ಲಿ. ಇಲ್ಲಿಂದ ಬಚ್ಚಲಿಗೆ ನಾಕು ಹೆಜ್ಜಿ ಜಾಸ್ತಿ, ಅಷ್ಟೇ. ನಾನು ಜೊತಿಗೆ ಹೋಗ್ತೀನಿ." ಮೇಡಂ, ಹಾಸ್ಟೆಲಿನ ರೂಢಿ ಹಾಗಲ್ಲ ಎಂದರು. ನಾನು, "ಆಕಿಗೆ ಇನ್ನ ಹನ್ನೊಂದು ವರ್ಷ" ಎಂದೆ. ಅವರು ನಮ್ಮಿಬ್ಬರನ್ನೂ ನೋಡಿದರು. ಹೋದ ವರ್ಷದ ನನ್ನ ವಿಷಯ ಅವರಿಗೆ ನೆನಪಾಗಿರಬೇಕು. "ಆತು. ಆದ್ರ ಏನಾದ್ರೂ ಇದ್ರ ನನಗ ಹೇಳ್ಬೇಕು. ತಲಿ ಆಡ್ಸೋದಲ್ಲ, ಬಾಯಿಬಿಟ್ಟು" ಎಂದು ಹೇಳಿ ಹೋದರು.

ಸಂಜೆ ಶಾಂತಕುಮಾರಿ ನನ್ನ ಮಂಚದ ತುದಿಯಲ್ಲಿ ಕುಳಿತು ರಾಗಿ ಗಂಜಿ ಕುಡಿದಳು. ಎಷ್ಟು ದಿನ ಹೀಗಿರುತ್ತದೆ, ಆಟ ಆಡಬಹುದೇ, ಊರಿಗೆ ಹೋದರೆ ಅವ್ವ ಶಾಲೆ ಬಿಡಿಸುತ್ತಾಳೆಯೇ ಎಂದೆಲ್ಲ ಕೇಳಿದಳು. ಶಾಲೆ ಬಿಡಿಸುವ ಮಾತು ಬಂದರೆ ನಿಮ್ಮ ವಿಳಾಸ ಕೊಡುತ್ತೇನೆ ಎಂದಿದ್ದೇನೆ. ನೀವು ಬೇಸರಪಡುವುದಿಲ್ಲ ಎಂದು ನಂಬಿದ್ದೇನೆ.

ಕೊನೆಗೆ ಅವಳು, "ಅಕ್ಕಾ, ನಿನಗೆ ಮೊದಲು ಬಂದಾಗ ನೀನೂ ಹೆದ್ರಿದ್ದೇನು?" ಎಂದು ಕೇಳಿದಳು. ಕೋಣೆಯಲ್ಲಿ ಎಲ್ಲರೂ ಇದ್ದರು. ಬಾಗಿಲಲ್ಲಿ ಪಕ್ಕೀರಮ್ಮನೂ ಇನ್ನಿಬ್ಬರು ದೊಡ್ಡ ಕೋಣೆಯವರೂ ನಿಂತಿದ್ದರು.

"ನನಗ ಇನ್ನೂ ಬಂದಿಲ್ಲ" ಎಂದೆ. "ನಿನ್ನ ಗಂಜಿ ಆರಾಕ ಹತ್ತೈತಿ, ಕುಡಿ."

ಅವಳು ಕುಡಿದಳು. ನಾನು ಲೋಟ ತೊಳೆಯಲು ಎದ್ದು ಹೋಗುವಾಗ, ಆ ಮಾತನ್ನು ಎಲ್ಲರ ಎದುರು ಹೇಳಿದ್ದೇನೆ ಎಂಬುದು ನನಗೆ ಗೊತ್ತಾಯಿತು.

ನಿಮ್ಮ ಸೊಸೆ,
ಚಂದನಾ